ಮೆಟ್ಟಿಲ ಮೇಲಿನ ಬೀಮ್

"ಸ್ವಲ್ಪ ಓರೆ ಮಾಡಮ್ಮ, ಬಾಗಿಲಿಗೆ ತಾಗುತ್ತೆ," ಎನ್ನುತ್ತ ಬೆಂಚಿನ ಇನ್ನೊಂದು ತುದಿಯನ್ನು ಎತ್ತಿಕೊಂಡ ಮುದುಕಿ ಯಾರೆಂದು ಮಗಳಿಗೆ ಗೊತ್ತಿರಲಿಲ್ಲ. ಬಂದವರಿಗೆ ಕೂರಲು ಜಾಗ ಸಾಲದೆ ಬೆಂಚನ್ನು ಅಂಗಳಕ್ಕೆ ಸಾಗಿಸುತ್ತಿದ್ದರು. ನಡುಮನೆಯಲ್ಲಿ ತೀರಿಕೊಂಡ ಅಪ್ಪನನ್ನು ಮಲಗಿಸಿದ್ದರು. ಊರಿನ ಎಷ್ಟೋ ಮನೆಗಳ ನಕ್ಷೆ ಬರೆದ ಎಂಜಿನಿಯರ್ ಅವರು.

"ಅಪ್ಪಂಗೆ ನೀವು ಹೇಗೆ ಪರಿಚಯ?"

"ನಾನಾ? ಅವರ ಮೇಲೆ ಕೇಸು ಹಾಕಿದ್ದೆ."

ಬೆಂಚು ಮಗಳ ಕೈಯಿಂದ ಜಾರಿತು. ಆ ಕೇಸು ಸೋತ ವರ್ಷ ಅಪ್ಪ ನಕ್ಷೆ ಬರೆಯುವ ಹಲಗೆಯನ್ನು ಅಟ್ಟಕ್ಕೆ ಹಾಕಿ, ಟೈಲ್ಸ್ ಅಂಗಡಿಯಲ್ಲಿ ಕೂತಿದ್ದರು. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ದಿನ ಅವರೇ ಹಲಗೆ ಇಳಿಸಿ ಧೂಳು ಒರೆಸಿದ್ದರು. ಯಾಕೆಂದು ಕೇಳಿದರೆ ಅಮ್ಮನಿಗೂ ಹೇಳಿರಲಿಲ್ಲ.

"ಗೆದ್ದೋರು ನೀವು. ಮತ್ತೆ ಇಲ್ಲಿಗೆ..."

"ಹೇಳ್ತೀನಿ. ಮೊದಲು ಕೂರೋಣ, ಸೊಂಟ ಹಿಡ್ಕೊಂಡಿದೆ."

*

ಮುದುಕಿಯ ಗಂಡ ದರ್ಜಿ, ಬಾಗಿಲು ತುಂಬುವಂಥ ಎತ್ತರದ ಆಳು. ಹೊಸ ಮನೆಗೆ ಬಂದ ಹೊಸದರಲ್ಲೇ ಬಟ್ಟೆಯ ಗಂಟು ಹೊತ್ತು ಇಳಿಯುವಾಗ ಮೆಟ್ಟಿಲ ಮೇಲಿನ ಬೀಮ್ ಹಣೆಗೆ ಬಡಿದು, ಕೆಳಗಿನವರೆಗೂ ಉರುಳಿದ. ಬಲಗೈ ಮಣಿಕಟ್ಟು ಮುರಿಯಿತು.

ಮೇಸ್ತ್ರಿ ಬೀಮನ್ನು ತಗ್ಗಿಸಿ ಹಾಕಿದ್ದಾನೆ ಎಂದರು ಎಂಜಿನಿಯರ್. ಕಾಗದದಲ್ಲಿ ಇದ್ದಂತೆಯೇ ಕಟ್ಟಿದೆ ಎಂದ ಮೇಸ್ತ್ರಿ. ಕೋರ್ಟು ಕಳಿಸಿದ ತಜ್ಞರು ನಕ್ಷೆಯನ್ನೂ ಮೆಟ್ಟಿಲನ್ನೂ ಅಳೆದು ನೋಡಿದರು. ತಪ್ಪು ನಕ್ಷೆಯದೇ. ಎಂಜಿನಿಯರ್ ತಮ್ಮ ಖರ್ಚಿನಲ್ಲೇ ಬೀಮನ್ನೂ ಮೆಟ್ಟಿಲನ್ನೂ ಒಡೆಸಿ ಮತ್ತೆ ಕಟ್ಟಿಸಬೇಕಾಯಿತು. ಕೆಲಸ ಮುಗಿಯುವವರೆಗೂ ದಿನಾ ಬಂದು ಗೇಟಿನಾಚೆ ನಿಂತು ನೋಡುತ್ತಿದ್ದರು. ಇವಳು ಒಳಗೆ ಕರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ತನ್ನ ಮಗಳ ಸಂಸಾರಕ್ಕೆಂದು ಇನ್ನೊಂದು ಮಹಡಿ ಕಟ್ಟುವ ಮಾತು ಬಂದಾಗ, ಗಂಡನನ್ನೂ ಕೇಳದೆ ನೇರ ಟೈಲ್ಸ್ ಅಂಗಡಿಗೆ ಹೋದಳು.

"ಬೇರೆ ಯಾರೂ ಸಿಗಲಿಲ್ವಾ?" ಎಂದರು ಎಂಜಿನಿಯರ್, ತಲೆ ಎತ್ತದೆ.

"ನನ್ನ ಮನೇಲಿ ಇನ್ನೊಂದು ತಪ್ಪು ಮಾಡೋ ಧೈರ್ಯ ನಿಮಗಿದ್ಯಾ?"

ಮರುದಿನ ಬೆಳಿಗ್ಗೆ ಟೇಪು ಹಿಡಿದು ಬಂದರು. ಗೋಡೆ ಅಳೆಯುವ ಮೊದಲು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ ಅಳೆದರು. ದರ್ಜಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ದಿನ ಊರವರ ಅಳತೆ ನಾನು ತಗೊಂಡೆ. ನನ್ನ ಅಳತೆ ತಗೊಂಡೋರು ನೀವೇ ಮೊದಲು, ಸಾರ್!"

*

"ಅವರ ಕೈ?" ಎಂದಳು ಮಗಳು.

"ಇವತ್ತಿಗೂ ಪೂರ್ತಿ ತಿರುಗಲ್ಲ. ನಿಮ್ಮಪ್ಪ ಬಂದಾಗೆಲ್ಲ ಮೊದಲು ಆ ಕೈ ನೋಡೋರು. ನಾನೂ ಮರೆತಿಲ್ಲ ಕಣಮ್ಮ. ಮರೆತು ಬಂದೋಳಲ್ಲ ನಾನು."

ಹೊರಗೆ ಅಪ್ಪನನ್ನು ಒಯ್ಯುವ ಗಾಡಿ ಬಂತು. ಇಬ್ಬರೂ ಎದ್ದರು.

ಮಣ್ಣು ಮಾಡಿ ಬರುವಾಗ ಮುದುಕಿಯನ್ನು ಅವಳ ಮನೆಗೆ ಬಿಟ್ಟವಳು ಮಗಳೇ. ಗೇಟಿನಾಚೆ ನಿಂತು ಮನೆಯತ್ತ ನೋಡಿದಳು.

"ಒಳಗೆ ಬರಲಾ? ಅಪ್ಪ ಒಡೆಸಿ ಕಟ್ಟಿಸಿದ ಆ ಮೆಟ್ಟಿಲು ನೋಡ್ಬೇಕು."

"ಅದಕ್ಕೇನು, ಬಾ."

ಒಳಗೆ ಮಂದ ಬೆಳಕಿತ್ತು. ಮಗಳು ಒಂದೊಂದೇ ಮೆಟ್ಟಿಲು ಹತ್ತಿದಳು. ನಡುವೆ ನಿಂತು, ಹಿಮ್ಮಡಿ ಎತ್ತಿ, ಬೆರಳ ತುದಿಯವರೆಗೂ ಕೈಯನ್ನು ಮೇಲಕ್ಕೆ ಚಾಚಿದಳು. ಕೈಗೆ ಏನೂ ತಾಗಲಿಲ್ಲ. ಚಾಚಿದ ಕೈಯನ್ನು ತುಂಬ ಹೊತ್ತು ಇಳಿಸಲೂ ಇಲ್ಲ.