ಹನ್ನೊಂದು ಸಾವಿರದ ನಾನೂರ ಹನ್ನೆರಡು ತಾಸು

ನಾನು ಕಟ್ಟಿದ ಮೊದಲ ಗೇಮಿಂಗ್ ಕಂಪ್ಯೂಟರಿನ ಗುಂಡಿ ಒತ್ತಿದ ದಿನ ಗೋಕಾಕ ಫಾಲ್ಸ್ ಪೂರಾ ಎರಡು ನಿಮಿಷ ನಿಂತುಬಿಟ್ಟಿತ್ತು. ಗ್ರಾಫಿಕ್ಸ್ ಕಾರ್ಡು ಒಂದೇ ಸಲಕ್ಕೆ ಎಳೆದುಕೊಂಡ ಕರೆಂಟಿಗೆ, ನೀರಿಗೆ ಕೆಳಗೆ ಬೀಳುವ ತ್ರಾಣವೇ ಉಳಿಯಲಿಲ್ಲ. ತೂಗುಸೇತುವೆಯ ಮೇಲಿದ್ದ ಜನ ಗಾಬರಿಯಾಗಿ ಬಗ್ಗಿ ನೋಡಿದರೆ, ನೀರು ಬಂಡೆಯ ಅಂಚಿನಲ್ಲಿ ಕಾಲು ಹಿಂದಕ್ಕೆಳೆದುಕೊಂಡು ನಿಂತಿತ್ತು. ನಾನು ಕಂಪ್ಯೂಟರ್ ಆರಿಸಿದ ಮೇಲೆಯೇ ಅದು ಮತ್ತೆ ಬಿದ್ದದ್ದು.

"ಯಾವ ತಿಂಗಳ್ರಿ ಅದು?" ಎಂದಳು ಗೋಕಾಕದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಹುಡುಗಿ.

"ಏಪ್ರಿಲ್," ಎಂದೆ. ತಿಂಗಳು ಕೇಳುವವರು ಅದುವರೆಗೆ ಯಾರೂ ಸಿಕ್ಕಿರಲಿಲ್ಲ.

ಅವಳು ತುಟಿಯ ಒಂದು ಮೂಲೆಯಲ್ಲಷ್ಟೇ ನಕ್ಕಳು. ಪಕ್ಕದಲ್ಲಿದ್ದ ಅವಳ ತಂದೆ ಬಾಪುಸಾಹೇಬರು ಮಾತ್ರ "ಅಬಬಬ!" ಎಂದು ಟೋಪಿ ತೆಗೆದು ತಲೆ ಸವರಿಕೊಂಡರು. ಕಣಗಲಾದಲ್ಲಿ ಹೈವೇ ಬಾಜೂಗೆ ಹೊಲ, ಹುಕ್ಕೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖಾಲಿ ಮಳಿಗೆ ಇದ್ದ ಜೈನ ಸಾಹುಕಾರರು ಅವರು. ಬಾಗಿಲಲ್ಲಿ ಒರಗಿ ನಿಂತಿದ್ದ ಭೀಮರಾಯ, ಕೆಳಗಿನ ಝೆರಾಕ್ಸ್ ಅಂಗಡಿಯವನು, ತನ್ನ ಪಾಲಿನದನ್ನೂ ಸೇರಿಸಿದ.

"ಖರೆ ಐತ್ರಿ ಸಾವ್ಕಾರ್ರ. ಅವತ್ತ ನನ್ನ ಝೆರಾಕ್ಸ್ ಮಷಿನ್ ಉಲ್ಟಾ ತಿರಗಿ, ಬರದಿದ್ದ ಹಾಳಿ ಎಲ್ಲಾ ಬಿಳೀ ಮಾಡಿ ಹೊರಗ ಹಾಕಾಕತ್ತಿತ್ತು."

"ನೀ ಹೋಗಲೇ, ಗಿರಾಕಿ ಬಂದಾರ ನೋಡು," ಎಂದು ಅವನನ್ನು ಅಟ್ಟಿದೆ.

ಅದು ಎರಡು ಸಾವಿರದ ಏಳರ ಡಿಸೆಂಬರ್. ಹುಡುಗಿಯ ಹೆಸರು ಮಯೂರಿ. ನಿಪ್ಪಾಣಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ವರ್ಷದಿಂದ ಮನೆಯಲ್ಲಿದ್ದಳು. ಅವಳು ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಎರಡು ಕೋರಿನ ಪ್ರೊಸೆಸರ್, ಒಂದೊಂದು ಜಿಬಿಯ ಎರಡು ರ‍್ಯಾಮ್, ಸ್ವಂತ ಮೆಮೊರಿ ಇರುವ ಗ್ರಾಫಿಕ್ಸ್ ಕಾರ್ಡು, ಅದರ ಭಾರ ಹೊರುವಂಥ ಪವರ್ ಸಪ್ಲೈ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ: ನೂರರವತ್ತು ಜಿಬಿಯ ಹಾರ್ಡ್ ಡಿಸ್ಕು, ಎರಡು, ಎರಡೂ ಒಂದೇ ಮಾಡೆಲ್.

"ತಮ್ಮ ಚಲೋ ತಿಳಕೊಂಡಾನ್ರಿ ಅಕ್ಕಾರ," ಎಂದೆ. "ಆದ್ರ ಅವಗ ಹೇಳ್ರಿ, ಒಂದ ದೊಡ್ಡ ಡಿಸ್ಕ್ ಹಾಕಿದ್ರ ಸಾಕು."

"ನನಗ ತಮ್ಮ ಇಲ್ರಿ. ಆಡಾಕಿ ನಾನ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಈ ಮಾತು ಹೇಳಿ ಹೇಳಿ ರೂಢಿಯಾದಂತಿತ್ತು. "ಒಂದರಾಗ ವಿಂಡೋಸ್, ಇನ್ನೊಂದರಾಗ ಆಟ. ಈಗಿನ ಮಷಿನ್ದಾಗ ಬಾಗಲಾ ತಗಿಯೂದ್ರಾಗ ಆಟ ನಿಂದರತೈತಿ. ಡಿಸ್ಕು ಒಳಗಿನ ಖೋಲಿ ಹುಡುಕಿ ತರೂತನಕಾ ನಾ ಹೊಸ್ತಿಲದಾಗ ನಿಂತಿರತೇನಿ, ಅಷ್ಟರಾಗ ಒಳಗಿನವ್ರು ನನ್ನ ಹೊಡದಿರತಾರ."

ನಾನು ಪೆನ್ನು ಕೆಳಗಿಟ್ಟೆ. ಐದು ವರ್ಷ ಆ ಆರಡಿ ಕೋಣೆಯಲ್ಲಿ, ಕರದಂಟಿನ ಖಾಲಿ ಡಬ್ಬಿಗಳಲ್ಲಿ ಸ್ಕ್ರೂ ತುಂಬಿಟ್ಟುಕೊಂಡು, ನಾನು ಏನು ಹೇಳಿದರೂ ಊರು ಹೂಂ ಅಂದಿತ್ತು. ಹೂಂ ಅನ್ನುವವರ ಮುಂದೆಯೇ ಮಾತಾಡಿ ಬಾಯಿ ಸಪ್ಪಗಾಗಿತ್ತು. ಈಗ ಒಬ್ಬಳು ಬಂದು, ಡಿಸ್ಕಿನ ವೇಗ ಎಂದರೆ ಏನು ಎಂಬುದನ್ನು ಒಂದು ಹೊಸ್ತಿಲು ತೋರಿಸಿ ಹೇಳಿದ್ದಳು. ನಾವಿಬ್ಬರೂ ಒಂದು ತಾಸು ಆ ಹಾಳೆಯ ಮೇಲೆ ಜಗಳಾಡಿದೆವು. ಕ್ಯಾಬಿನೆಟ್ಟಿನ ಫ್ಯಾನು ಮುಂದಿರಬೇಕೋ ಹಿಂದಿರಬೇಕೋ ಎಂಬುದಕ್ಕೇ ಹದಿನೈದು ನಿಮಿಷ ಹೋಯಿತು. ಕೊನೆಗೆ ಎರಡೂ ಕಡೆ ಎಂದಾಯಿತು. ಅಂಥ ಸುಖದ ಜಗಳವನ್ನು ನಾನು ಮತ್ತೆ ಆಡಿಲ್ಲ. ಇದು ಬಡಾಯಿಯಲ್ಲ.

ಆಮೇಲೆ ಬಾಪುಸಾಹೇಬರು ಬಂದ ವಿಷಯ ಬಿಚ್ಚಿದರು. "ನೋಡ್ರಿ ಶಿದ್ಲಿಂಗಪ್ಪಾ, ಈ ಪೋರಿ ಹುಕ್ಕೇರ್ಯಾಗ ಕಂಪ್ಯೂಟರ್ ಅಂಗಡಿ ಹಾಕತೇನಂತ ಹಟಾ ಹಿಡದಾಳ. ಮಳಿಗಿ ಖಾಲಿ ಐತಿ, ಖರೆ. ಆದ್ರ ಹೆಣ್ಣಹುಡುಗಿ ಒಬ್ಬಾಕಿನ್ನ ಕುಂದ್ರಸೂದು ಹೆಂಗ? ನಿಮ್ಮಂಥಾ ದೊಡ್ಡ ಮನಿಷ್ಯಾ ಪಾಲುದಾರ ಆಗಿ ಹಿಂದ ನಿಂತ್ರ ಹೂಂ ಅಂತೇನಿ. ಇಲ್ಲಂದ್ರ ಬೀಜದ ವ್ಯಾಪಾರದವ್ರು ಮಳಿಗಿ ಕೇಳಾಕತ್ತಾರ, ಅವರಿಗೆ ಕೊಟ್ಟಬಿಡತೇನಿ."

"ಮದಲ ಈ ಮಷಿನ್ ಕಟ್ಟಲಿ ಅಪ್ಪಾ," ಎಂದಳು ಮಯೂರಿ. "ಕೆಲಸ ನೋಡೂಣು."

"ನೋಡೂದೇನ್ರಿ! ಡಿಸ್ಕ್ ಕಿವಿಗೆ ಹಿಡದ್ರ ಸಾಕು, ಅದರ ವಯಸ್ಸು, ಊರು, ಹೆತ್ತವರ ಹೆಸರು ಎಲ್ಲಾ ಹೇಳತೇನಿ ನಾ. ಶನಿವಾರ ಬರ್ರಿ. ನಿಮ್ಮ ಹಾಳ್ಯಾಗ ಏನ ಬರದೀರಿ, ಒಂದ ಅಕ್ಷರಾ ಹೆಚ್ಚಿಲ್ಲ, ಕಮ್ಮಿಲ್ಲ."

ಅವರು ಹೋದ ಸಂಜೆಯೇ ಹುಕ್ಕೇರಿಯ ಅಂಗಡಿಗೆಂದು ಒಂದು ತಿರುಗುವ ಕುರ್ಚಿ ತಂದೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ನನ್ನ ಕುರ್ಚಿಯ ಪಕ್ಕದಲ್ಲಿಟ್ಟೆ. ಕೋಣೆಯಲ್ಲಿ ಓಡಾಡಲು ಜಾಗ ಉಳಿಯಲಿಲ್ಲ.

ಗುರುವಾರ ಬೆಳಗಾವಿಗೆ ಹೋದೆ. ಎಲ್ಲ ಸಿಕ್ಕಿತು. ಆ ಮಾಡೆಲಿನ ಡಿಸ್ಕು ಮಾತ್ರ ಒಂದೇ ಇತ್ತು. ಇನ್ನೊಂದಕ್ಕೆ ಹತ್ತು ದಿನ ಕಾಯಬೇಕೆಂದರು ಸಗಟು ಅಂಗಡಿಯವರು. ಮೂರು ಅಂಗಡಿ ಸುತ್ತಿ, ಸಂಜೆ ಗೋಕಾಕದಲ್ಲಿ ಬಸ್ಸಿಳಿದಾಗ ಭೀಮರಾಯ ಶಟರ್ ಎಳೆಯುತ್ತಿದ್ದ. ವಿಷಯ ಕೇಳಿ ಅವನು ಅಂದದ್ದು ಒಂದೇ ಮಾತು.

"ಫೋನ್ ಹಚ್ಚಿ, ಡಿಸ್ಕ್ ಸಿಗಲಿಲ್ಲ ಅಂತ ಹೇಳಲೇ. ಅದರಾಗೇನೈತಿ?"

"ಶಿದ್ಲಿಂಗಪ್ಪನ ಬಾಯಾಗ ಆ ಮಾತ ಯಾವತ್ತರ ಬಂದೈತೇನು?"

"ಬಂದಿಲ್ಲ. ಒಮ್ಮೆ ಬರಲಿ ಅಂತೇನಿ."

ನಾನು ಫೋನು ಹಚ್ಚಲಿಲ್ಲ. ನನ್ನ ಕಪಾಟಿನಲ್ಲಿ ಅದೇ ಮಾಡೆಲಿನ ಒಂದು ಡಿಸ್ಕಿತ್ತು; ಮೂಡಲಗಿಯಲ್ಲಿ ಮುಚ್ಚಿಹೋದ ಸೈಬರ್ ಕೆಫೆಯೊಂದರದು. ಅದನ್ನು ಫಾರ್ಮ್ಯಾಟ್ ಮಾಡಿದೆ. ಪಿನ್ನುಗಳನ್ನು ರಬ್ಬರಿನಿಂದ ತಿಕ್ಕಿ ಬೆಳಗಿಸಿದೆ. ಮೈಮೇಲಿನ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬೆಳ್ಳಿಬಣ್ಣದ ಹೊಸ ಲಕೋಟೆಯೊಳಗೆ ಹಾಕಿ ಬಾಯಿ ಅಂಟಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮಾಡಿಲ್ಲ. ನೋಡಿದರೆ ಆಗತಾನೇ ಹುಟ್ಟಿದ ಕೂಸಿನಂತಿತ್ತು.

ಶನಿವಾರ ಮಧ್ಯಾಹ್ನ ಎರಡಕ್ಕೇ ಅವರ ಜೀಪು ಬಂತು. ಮಯೂರಿಯ ಎದುರೇ ಲಕೋಟೆ ಹರಿದು ಎರಡೂ ಡಿಸ್ಕು ಕೂರಿಸಿದೆ. ಕೂರಿಸುವ ಮೊದಲು ಹಳೆಯದನ್ನು ಕಿವಿಗೆ ಹಿಡಿದು ಕಣ್ಣುಮುಚ್ಚಿ, "ಹಾಲುಗಲ್ಲದ ಕೂಸು," ಎಂದೆ. ಬಾಪುಸಾಹೇಬರು ನಕ್ಕರು.

"ಎರಡೂ ಡಿಸ್ಕ್ ಒಮ್ಮೆ ಚೆಕ್ ಮಾಡತೇನ್ರಿ," ಎಂದಳು ಮಯೂರಿ. "ಮ್ಯಾಗಜಿನ್ ಜೋಡಿ ಬಂದ ಒಂದ ಸಿಡಿ ಐತಿ, ತಂದೇನಿ."

"ಮಾಡೂಣ್ರಿ, ಮದಲ ವಿಂಡೋಸ್ ಏರಲಿ."

ವಿಂಡೋಸ್ ಏರಿಸುವುದನ್ನು ನಾನು ಎಳೆದೆ. ಒಂದು ಸ್ಕ್ರೂ ಬೇಕೆಂದೇ ಬೀಳಿಸಿ ಹುಡುಕಿದೆ. ಮೂರು ಸಲ ಚಹಾ ತರಿಸಿದೆ. ಯಾಕೆಂದರೆ ನನಗೊಂದು ಸಂಗತಿ ಗೊತ್ತಿತ್ತು: ಬಾಪುಸಾಹೇಬರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮಾಗಿಯ ಹೊತ್ತು ಬೇಗ ಮುಳುಗುತ್ತದೆ. ಕಣಗಲಾ ಮುಟ್ಟಲು ಒಂದೂವರೆ ತಾಸು ಬೇಕು. ನಾಲ್ಕು ದಾಟುತ್ತಿದ್ದಂತೆ ಬಾಪುಸಾಹೇಬರು ಬಾಗಿಲಿಗೆ ಹೋಗಿ, ಅಂಗೈ ಹುಬ್ಬಿಗಿಟ್ಟು ಪಡುವಣಕ್ಕೆ ನೋಡಿದರು.

"ನಡಿ ಮಯೂರಿ. ನಿಮ್ಮವ್ವ ಎಡಿ ಮಾಡಿ ಕಾಯತಿರತಾಳ."

"ಅಪ್ಪಾ, ಒಂದ ಅರ್ಧಾ ತಾಸು."

"ಊಟ ಬಿಡ್ತೀ ಏನು? ಶಿದ್ಲಿಂಗಪ್ಪ ನೋಡ್ಯಾರಲ್ಲ, ಮತ್ತೇನ ನೋಡ್ತಿ?"

ಅವಳು ಸಿಡಿಯನ್ನು ಚೀಲದೊಳಗೆ ಹಾಕಿಕೊಂಡಳು. ಕ್ಯಾಬಿನೆಟ್ಟನ್ನು ಕೌದಿಯಲ್ಲಿ ಸುತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಜೀಪು ತಿರುಗುವಾಗ ನನ್ನತ್ತ ಕೈಯೆತ್ತಿದಳು.

ಮುಂದಿನ ವಾರ ನಾನು ಹುಕ್ಕೇರಿಯ ಮಳಿಗೆಯ ಬೋರ್ಡಿನ ಬಣ್ಣವನ್ನೂ ನಿರ್ಧರಿಸಿಬಿಟ್ಟೆ. ಅರಭಾವಿಯ ಕಾಲೇಜಿನವರು ಐವತ್ತು ಕಂಪ್ಯೂಟರ್ ಕೇಳಿದ್ದಾರೆಂದು ಊರೆಲ್ಲ ಹೇಳಿಕೊಂಡು ಬಂದೆ. ಅವರು ಕೇಳಿದ್ದು ಒಂದು ಮೌಸು.

ಒಂಬತ್ತನೆಯ ದಿನ, ಸೋಮವಾರ, ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಮಯೂರಿ ಮೆಟ್ಟಿಲ ಮೇಲೆ ನಿಂತಿದ್ದಳು. ಒಬ್ಬಳೇ, ಬಸ್ಸಿನಲ್ಲಿ ಬಂದಿದ್ದಳು. ಹೊಸ ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ. ಓಢಣಿಯಲ್ಲಿ ಸುತ್ತಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಚೀಟಿ ಇಟ್ಟಳು. ಅದರಲ್ಲಿ ಎರಡೇ ಅಂಕಿ: ಒಂಬತ್ತು. ಹನ್ನೊಂದು ಸಾವಿರದ ನಾನೂರ ಹನ್ನೆರಡು.

"ಏನ್ರಿ ಇದು?"

"ತಾಸು. ಡಿಸ್ಕು ತಾ ಎಷ್ಟ ತಾಸು ಓಡೇನಿ ಅಂತ ತನ್ನೊಳಗ ತಾನ ಬರಕೊಂತ ಹೋಗತೈತಿ. ಫಾರ್ಮ್ಯಾಟ್ ಮಾಡಿದ್ರೂ ಅಳಸೂದಿಲ್ಲ. ಒಯ್ದ ಶನಿವಾರ ರಾತ್ರಿನ ಚೆಕ್ ಮಾಡಿದ್ನಿ, ಒಬ್ಬಾಕಿನ ಬರಾಕ ಇವತ್ತ ಆತು. ಒಂದು ಒಂಬತ್ತ ತಾಸಿಂದು. ಇನ್ನೊಂದು ಇದು."

ಇದು ನನಗೆ ಗೊತ್ತಿರಲಿಲ್ಲ. ಐದು ವರ್ಷದಲ್ಲಿ ಸಾವಿರ ಡಿಸ್ಕು ಮುಟ್ಟಿದ್ದೇನೆಂದು ಹೇಳುತ್ತಿದ್ದ ನನಗೆ ಗೊತ್ತಿರಲಿಲ್ಲ.

"ಕಂಪನಿಯವ್ರು ಟೆಸ್ಟ್ ಮಾಡಿರತಾರ್ರಿ ಅಕ್ಕಾರ."

"ದಿನಕ್ಕ ಹದಿನಾಕ ತಾಸಿನಂಗ ಎರಡ ವರ್ಷ ಮೂರ ತಿಂಗಳಾ?" ಎಂದಳು. "ನಮ್ಮ ಕಡೆ ದಿನಾ ಹದಿನಾಕ ತಾಸು ಓಡೂದು ಸೈಬರ್ ಕೆಫೆದಾಗಿಂದು." ಆಮೇಲೆ ಡಿಸ್ಕನ್ನೆತ್ತಿ ನನ್ನ ಕೈಗೆ ಕೊಟ್ಟಳು. "ಹಿಡೀರಿ ಕಿವಿಗೆ. ಏನ ಹೇಳತೈತಿ ಕೇಳ್ರಿ."

ಕಿವಿಗೆ ಹಿಡಿಯಲಿಲ್ಲ. ಕೈಯಲ್ಲಿ ಅದು ತಣ್ಣಗಿತ್ತು.

"ಮೂಡಲಗಿ ಸೈಬರಿಂದು," ಎಂದೆ. "ಬೆಳಗಾವ್ಯಾಗ ಒಂದ ಸಿಕ್ಕಿತ್ತು."

"ಸಿಗಲಿಲ್ಲ ಅಂತ ಒಂದ ಮಾತ ಹೇಳಿದ್ರ ಆಗತಿತ್ತಲ್ರಿ. ಒಂದ ಡಿಸ್ಕಿನ ಮ್ಯಾಲ ಒಂದ ತಿಂಗಳ ಆಡತಿದ್ನಿ."

"ಬಾಯಿಗೆ ಬರಲಿಲ್ರಿ."

"ಏಪ್ರಿಲ್‌ದಾಗ ಫಾಲ್ಸಿಗೆ ನೀರ ಎಲ್ಲಿರತಾವು? ಅದು ಅವತ್ತ ಗೊತ್ತಾಗಿತ್ತು ನನಗ. ಮಾತಿನಾಗ ಸುಳ್ಳ ಹೇಳ್ತಾರ, ಕೆಲಸದಾಗ ಹೇಳೂದಿಲ್ಲ ಅನ್ಕೊಂಡ್ನಿ." ಅವಳು ಸ್ಕ್ರೂ ತುಂಬಿದ ಡಬ್ಬಿಗಳ ಕಡೆ ನೋಡಿದಳು. "ಅಪ್ಪ ಹೊತ್ತ ನೋಡಿ ಏಳತಾರ ಅಂತ ಗೊತ್ತಿದ್ದ ಸ್ಕ್ರೂ ಬೀಳಿಸಿದ್ರಿ, ಹೌದಲ್ಲ?"

ನಾನು ಡಿಸ್ಕನ್ನು ಮೇಜಿನ ಮೇಲಿಟ್ಟೆ. "ಹೊಸಾದು ಈ ವಾರ ಬರತೈತಿ, ನಾನ ಕಣಗಲಾಕ ಬಂದ ಹಾಕಿಕೊಡತೇನ್ರಿ," ಎಂದೆ.

"ಬ್ಯಾಡ. ಇದ ಇರಲಿ. ಚಲೋನ ಐತಿ, ಇದರದೇನ ತಪ್ಪಿಲ್ಲ." ಅವಳು ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆಗೆ ಸರಿಸಿದಳು. "ಅಪ್ಪಾಗ ಫೋನ್ ಹಚ್ಚಿ ಹೇಳ್ರಿ, ಹುಕ್ಕೇರಿ ಅಂಗಡಿ ನಿಮ್ಮ ಕಡಿಂದ ಆಗೂದಿಲ್ಲ ಅಂತ."

"ನಾ ಇಲ್ಲ ಅಂದ್ರ ಅವರು ಮಳಿಗಿ ಬೀಜದವರಿಗೆ ಕೊಡತಾರ್ರಿ. ನಿಮ್ಮ ಅಂಗಡೀನೂ ಹೋಗತೈತಿ."

"ಗೊತ್ತೈತಿ. ನಾಳೆ ಅಂಗಡ್ಯಾಗ ನೀವು ಅಂಟಿಸಿದ ಲಕೋಟಿ ನಾ ಹರದು ಕೊಡೂವಾಗ, ಗಿರಾಕಿ ನೋಡೂದು ನನ್ನ ಮಾರಿ."

ಫೋನು ಹಚ್ಚಿದೆ. ಬಾಪುಸಾಹೇಬರು ಹೊಲದಲ್ಲಿದ್ದರು; ಹಿಂದೆ ಹೈವೇಯ ಲಾರಿಗಳ ಸದ್ದು. "ಸಾವ್ಕಾರ್ರ, ಹುಕ್ಕೇರಿ ಅಂಗಡಿ ನನ್ನ ಕಡಿಂದ ಆಗೂದಿಲ್ರಿ," ಎಂದೆ. ಮೊದಲ ಬಾರಿಗೆ ಆ ಮಾತು ಬಂದಾಗ ಅದು ನನ್ನ ದನಿಯಂತಿರಲಿಲ್ಲ.

"ಬರೋಬರ ಐತಿ ಬಿಡ್ರಿ!" ಎಂದರು ಅವರು ಜೋರಾಗಿ. ದನಿ ರಿಸೀವರಿನಿಂದ ಕೋಣೆಯೆಲ್ಲ ಕೇಳುತ್ತಿತ್ತು. "ಅರಭಾವಿ ಕಾಲೇಜಿನ ಐವತ್ತ ಕಂಪ್ಯೂಟರ್ ಹಿಡದೀರಂತ, ನಿಮಗ ಟೈಮ್ ಎಲ್ಲಿಂದ ಬರಬೇಕು? ನಾ ಬೀಜದವರಿಗೆ ಇವತ್ತ ಹೂಂ ಅಂತೇನಿ."

ಮಯೂರಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಳು.

"ಐವತ್ತ ಇಲ್ರಿ ಸಾವ್ಕಾರ್ರ, ಒಂದ ಮೌಸ್ ಕೇಳ್ಯಾರ. ನಿಮಗ ಕೊಟ್ಟ ಡಿಸ್ಕ್‌ದಾಗ ಒಂದು ಹಳೇದು. ಗೊತ್ತಿದ್ದ ಹಾಕಿದ್ನಿ. ಮಗಳಿಗೆ ನನಗಿಂತ ಚಲೋ ತಿಳೀತೈತಿ, ಆಕಿ ಒಬ್ಬಾಕಿನ ಅಂಗಡಿ ನಡಸತಾಳು. ನಾ ಹಿಂದ ಒಂದೂ ಗೇಮಿಂಗ್ ಕಂಪ್ಯೂಟರ್ ಕಟ್ಟಿಲ್ಲ. ಆಕೀದ ಮದಲನೇದು."

ಬಾಪುಸಾಹೇಬರು ಕೆಮ್ಮು ಬರುವಷ್ಟು ನಕ್ಕರು.

"ಚ್ಯಾಷ್ಟಿ ಮಾಡ್ತೀರಿ! ಫಾಲ್ಸ್ ನಿಂದ್ರಿಸಿದ ಮನಿಷ್ಯಾ ಹಳೇ ಡಿಸ್ಕ್ ಹಾಕ್ತಾನೇನ್ರಿ?" ನಗುತ್ತಲೇ ಫೋನಿಟ್ಟರು.

ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮಯೂರಿ ಡಿಸ್ಕನ್ನು ಓಢಣಿಯಲ್ಲಿ ಸುತ್ತಿಕೊಂಡಳು, ತುದಿಗಳನ್ನು ಗಂಟು ಹಾಕಿದಳು. ಚೀಟಿಯನ್ನು ಅಲ್ಲೇ ಬಿಟ್ಟಳು. ಊರ ಕಡೆ ಹೋಗುವ ಸಂಕೇಶ್ವರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಹತ್ತೂವರೆಗೆ ಎಂದೆ. ಅವಳು ಅದನ್ನು ನಂಬದೆ, ಕೆಳಗೆ ಹೋಗಿ ಭೀಮರಾಯನನ್ನು ಕೇಳುವುದು ಕಿಟಕಿಯಿಂದ ಕಾಣಿಸಿತು.

ಅವಳು ಹೋದ ಮೇಲೆ ಭೀಮರಾಯ ಮೇಲೆ ಬಂದು ಹೊಸ ಕುರ್ಚಿಯ ಮೇಲೆ ಕೂತ. ಪ್ಲಾಸ್ಟಿಕ್ ಹೊದಿಕೆ ಚರಚರ ಎಂದಿತು.

"ಹುಡುಗಿ ಯಾಕ ಬಂದಿತ್ತಲೇ? ಮತ್ತ ಫಾಲ್ಸಿನ ಕತಿ ಹೇಳಿದ್ಯಾ?"

"ಇಲ್ಲ," ಎಂದೆ. "ಏಪ್ರಿಲ್‌ದಾಗ ಅಲ್ಲಿ ಬರೇ ಕಲ್ಲ ಇರತಾವಲೇ, ಭೀಮರಾಯ."

ಅವನು ಇದರ ಮುಂದೇನೋ ಇರಬೇಕೆಂದು ನನ್ನ ಬಾಯಿ ನೋಡುತ್ತ ಕೂತ. ಕೂತಲ್ಲೇ ಅತ್ತಿತ್ತ ತಿರುಗಿದಾಗಲೆಲ್ಲ ಕುರ್ಚಿಯ ಪ್ಲಾಸ್ಟಿಕ್ ಸದ್ದು ಮಾಡುತ್ತಿತ್ತು.