ಹದಿನಾರು ವೋಲ್ಟಿನವು

ಅಕ್ಕನ ಗಂಡನ ರಿಪೇರಿ ಅಂಗಡಿಯಲ್ಲಿ ಅವನು ಕೆಲಸಕ್ಕೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಬೋರ್ಡಿನ ಮೇಲೆ ಬಗ್ಗಿ ಕಾಳು ಹೆಕ್ಕುವಂತೆ ಕೆಲಸ ಮಾಡುತ್ತಿದ್ದನೆಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಹಳೇ ಮಾನಿಟರ್ ಹೊತ್ತು ತಂದವರು, ಯಜಮಾನನಾದ ಭಾವ ಎದುರಿಗೇ ಕೂತಿದ್ದರೂ ಗುಬ್ಬಿಯನ್ನೇ ಕೇಳುತ್ತಿದ್ದರು. ಭಾವನಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿತ್ತು.

ಗುಬ್ಬಿಯ ಕಣ್ಣು ಮಂಜಾಗುತ್ತಾ ಬಂದಿತ್ತು. ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಡುವ ಪುಟ್ಟ ಕೆಪಾಸಿಟರಿನ ಮೈಮೇಲಿನ ಸಣ್ಣ ಅಕ್ಷರ ಕಾಣದೆ ಎರಡು ವರ್ಷ. ಯಾವ ಡಬ್ಬಿಯಲ್ಲಿ ಎಷ್ಟು ವೋಲ್ಟಿನದಿದೆ ಎಂಬುದು ಮಾತ್ರ ಬಾಯಿಪಾಠ. ಈ ಗುಟ್ಟನ್ನು ಅವನು ಅಕ್ಕನಿಗೆ ಮಾತ್ರ ಹೇಳಿದ್ದ. ಅಕ್ಕ ಗಂಡನಿಗೆ ಹೇಳಿದಳು.

ಒಂದು ದಿನ ಮುದ್ರಣಾಲಯದ ಯಜಮಾನಿ ಕಾಗದ ಕತ್ತರಿಸುವ ಯಂತ್ರದ ಮಾನಿಟರ್ ತಂದರು. ಆ ಯಂತ್ರಕ್ಕೆ ಹೊಸ ಮಾನಿಟರ್ ಒಗ್ಗುತ್ತಿರಲಿಲ್ಲ. ಗುಬ್ಬಿ ಬಿಚ್ಚಿ ಬೋರ್ಡನ್ನು ತಡವಿದ. ನಾಲ್ಕು ಕೆಪಾಸಿಟರುಗಳ ತಲೆ ಉಬ್ಬಿತ್ತು.

"ಇಲ್ಲಿ ಇಪ್ಪತ್ನಾಲ್ಕು ವೋಲ್ಟ್ ಬರುತ್ತಮ್ಮ. ಮೂವತ್ತೈದರದ್ದೇ ಹಾಕ್ಬೇಕು. ಜಾಸ್ತಿ ತಡ್ಕೊಳ್ಳೋದಿದ್ರೆ ತೊಂದ್ರೆ ಇಲ್ಲ, ಕಮ್ಮೀದು ಹಾಕಿದ್ರೆ ಹೊಟ್ಟೆ ಒಡ್ಕೊಳ್ಳುತ್ತೆ. ನಾಳೆ ಬನ್ನಿ."

ಅವನು ಕೈತೊಳೆಯಲು ಎದ್ದಾಗ ಭಾವ ಮೂವತ್ತೈದರ ಡಬ್ಬಿ ಬರಿದು ಮಾಡಿ, ಹದಿನಾರು ವೋಲ್ಟಿನವನ್ನು ಸುರಿದ. ಅದೇ ದಪ್ಪ, ಅದೇ ಎತ್ತರ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು.

"ನಾಲ್ಕು ಜನರ ಮುಂದೆ ಒಂದ್ಸಲ ಮುಖಭಂಗ ಆಗ್ಲಿ," ಎಂದ ಭಾವ.

ಅವಳು ತಮ್ಮನಿಗೆ ಊಟ ಬಡಿಸಲು ಹೋದಳು.

ಮರುದಿನ ಯಜಮಾನಿ ಬಂದಾಗ ಅಂಗಡಿಯಲ್ಲಿ ಇನ್ನೂ ಮೂವರು ಗಿರಾಕಿಗಳಿದ್ದರು. ಗುಬ್ಬಿ ಆ ಡಬ್ಬಿಯಿಂದಲೇ ನಾಲ್ಕನ್ನು ತೆಗೆದು ಬೆಸೆದಿಟ್ಟಿದ್ದ. ಸ್ವಿಚ್ ಹಾಕಿದಾಗ ಮಾನಿಟರಿನ ತೆರೆ ಬೆಳಗಿತು. ಚಿತ್ರ ನೆಟ್ಟಗೆ ಮಾಡಲು ಗುಬ್ಬಿ ತೆರೆದ ಬೆನ್ನಿನೊಳಗೆ ಬಗ್ಗಿದ. ಐದು ನಿಮಿಷ ಆಗಿರಲಿಲ್ಲ, ಫಟ್ ಎಂದಿತು. ಬಿಸಿ ರಸ ಕೆನ್ನೆಗೆ ಸಿಡಿಯಿತು.

ಭಾವ ಸ್ವಿಚ್ ಆರಿಸಿದ, ಒಡೆಯದ ಕೆಪಾಸಿಟರೊಂದನ್ನು ಬಿಡಿಸಿ ಅವನ ಅಂಗೈಗಿಟ್ಟ.

"ಏನ್ ಬರ್ದಿದೆ, ಓದು."

"ಮೂವತ್ತೈದು, ಭಾವ."

"ನೋಡಿ ಓದೋ!"

ಗುಬ್ಬಿ ಅದನ್ನು ಮೂಗಿನ ಹತ್ತಿರ ಹಿಡಿದ, ಬೆಳಕಿಗೆ ತಿರುಗಿಸಿದ. ಉರಿಯುವ ಕೆನ್ನೆ ಒರೆಸಿಕೊಳ್ಳಲೂ ಇಲ್ಲ. "ಮೂವತ್ತೈದೇ," ಎಂದ, ದನಿ ಇಳಿದಿತ್ತು.

ಭಾವ ಅದನ್ನು ಕಸಿದು ಯಜಮಾನಿಗೆ ಕೊಟ್ಟ. "ಹದಿನಾರು ಅಂತಿದೆಯಲ್ಲಪ್ಪ," ಎಂದರು ಅವರು.

"ಎರಡು ವರ್ಷದಿಂದ ಈ ಕುರುಡ ನಿಮ್ಮ ಸಾಮಾನಿಗೆ ಕೈ ಹಾಕ್ತಿದ್ದಾನೆ ನೋಡಿ!" ಭಾವ ನಕ್ಕ. ಗಿರಾಕಿಯೊಬ್ಬ ತನ್ನ ಬೋರ್ಡನ್ನು ಮೆಲ್ಲಗೆ ಹತ್ತಿರಕ್ಕೆಳೆದುಕೊಂಡ.

ಎರಡು ವರ್ಷ ಎಂಬುದನ್ನು ಅವನು ಹೇಳಿದ್ದು ಅಕ್ಕನಿಗೆ ಮಾತ್ರ. ಗುಬ್ಬಿ ಅವಳ ಕಡೆ ತಿರುಗಿದ.

"ಅಕ್ಕಾ, ಡಬ್ಬಿ ಯಾರಾದ್ರೂ ಮುಟ್ಟಿದ್ರಾ?"

"ನಿನ್ನ ಕಣ್ಣಿನ ತಪ್ಪು ಡಬ್ಬಿ ಮೇಲೆ ಯಾಕೆ ಹೊರಿಸ್ತೀಯ?" ಎಂದಳು ಅವಳು.

ಭಾವ ಸರಿಯಾದವನ್ನು ಹಾಕಿ ಸಂಜೆಯೊಳಗೆ ಮಾನಿಟರ್ ಕಳಿಸಿಕೊಟ್ಟ. ಯಜಮಾನಿ ಅವನನ್ನು ಬಾಯ್ತುಂಬ ಹೊಗಳಿದರು. ಗುಬ್ಬಿಯ ಮೇಜು ಹಿಂದಿನ ಕೋಣೆಗೆ ಹೋಯಿತು. ಗುಜರಿಗೆ ಹೋಗುವ ಬೋರ್ಡುಗಳಿಂದ ತಾಮ್ರ ಬಿಡಿಸುವುದು ಅವನ ಕೆಲಸವಾಯಿತು. ಅಕ್ಕ ಕೆನ್ನೆಗೆ ಮುಲಾಮು ಹಚ್ಚಲು ಬಂದಾಗ ಅವನು ಮುಖ ತಿರುಗಿಸಲಿಲ್ಲ. ತಿರುಗಿಸಿದ್ದರೆ ಹೋಗಲು ಬೇರೆ ಮನೆ ಇರಲಿಲ್ಲ.