ತಲೆಕೆಳಗಾದ ಮಡಿಕೆ

"ತಡೀರಿ, ಮುಚ್ಚಳ ಹಾಕ್ಬೇಡಿ!" ಎಂದು ಕೂಗಿ ಮಗಳು ಬರಿಗಾಲಲ್ಲೇ ಬೀದಿಗೆ ಇಳಿದಳು.

ಶವಪೆಟ್ಟಿಗೆಯ ಬಡಗಿ ಸುತ್ತಿಗೆ ಕೆಳಗಿಟ್ಟ. ಎದುರು ಬದಿಯಲ್ಲಿ, ಅಪ್ಪನ ಬೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲೆ ಚಿಕ್ಕಪ್ಪ ಕೂತಿದ್ದ. ಬೆಳಗಿನಿಂದ ಅಲ್ಲೇ. ಒಡಹುಟ್ಟಿದ ಅಣ್ಣ ಸತ್ತಿದ್ದಾನೆ, ಹೊಸ್ತಿಲು ಮಾತ್ರ ತುಳಿಯಲೊಲ್ಲ. ಇದೆಂಥ ಹಟವೋ!

"ಬಾ ಚಿಕ್ಕಪ್ಪ. ನೀನೇ ಬೈಬಲ್ ಓದ್ಬೇಕಂತ ಅಪ್ಪ ಹೇಳಿ ಹೋಗಿದ್ದಾನೆ."

"ಪಾದ್ರಿಗಳಿದ್ದಾರಲ್ಲ, ಓದಿಸು. ನಿಮ್ಮಪ್ಪನಿಗೆ ಅದು ಮನುಷ್ಯರು ಹೊಲಿದ ಪುಸ್ತಕ ತಾನೇ? ನಾನು ಓದಿ ಏನಾಗ್ಬೇಕು?"

ಈಗ ಒಳಗೆ ಬರದಿದ್ದರೆ ಇನ್ಯಾವತ್ತೂ ಬರುವವನಲ್ಲ ಎಂದು ಮಗಳಿಗೆ ಗೊತ್ತಿತ್ತು. ಅವಳು ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತಳು.

*

ಅಣ್ಣತಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಪುಸ್ತಕ ಹೊಲಿದವರು. ಊರಿನ ಹರಕು ಬೈಬಲ್ಲುಗಳೆಲ್ಲ ಅವರಲ್ಲಿಗೇ ಬರುತ್ತಿದ್ದವು. ಅಪ್ಪನಿಗೊಂದು ಚಾಳಿ, ಬಿಚ್ಚಿದ ಪುಸ್ತಕವನ್ನು ಓದದೆ ಹೊಲಿಯುತ್ತಿರಲಿಲ್ಲ. ಒಂದು ದಿನ ನೂಲಿಗೆ ಮೇಣ ಉಜ್ಜುತ್ತಾ ಬಾಯಿಬಿಟ್ಟ.

"ನೋಡೋ, ಇದು ಒಂದು ಪುಸ್ತಕ ಅಲ್ಲ, ಪುಸ್ತಕಗಳ ಗಂಟು. ಕುರಿ ಕಾಯೋರ ಹಾಡು, ರಾಜರ ಕತೆ, ಸೆರೆಮನೆಯಿಂದ ಬರೆದ ಕಾಗದ. ಮೊದಲು ಬಾಯಿಂದ ಬಾಯಿಗೆ, ಆಮೇಲೆ ತೊಗಲಿನ ಮೇಲೆ. ಎಷ್ಟು ಕೈ ನಕಲು ಮಾಡಿದ್ವೋ ಏನೋ. ಅಲ್ಲೊಂದು ಇಲ್ಲೊಂದು ತಪ್ಪೂ ನುಸುಳಿರುತ್ತೆ."

"ದೇವರ ಮಾತಲ್ಲಿ ತಪ್ಪಾ?" ತಮ್ಮ ದಬ್ಬಣ ಎಸೆದು ಎದ್ದ. "ಎಲುಬಿಲ್ಲದ ನಾಲಗೆ ಅಂತ ಏನು ಬೇಕಾದ್ರೂ ಆಡ್ತೀಯಾ?"

ಅಣ್ಣನಾದರೂ ಸುಮ್ಮನಾಗಬೇಕಲ್ಲ! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ತಮ್ಮ ಬೇರೆ ಬೀದಿಯಲ್ಲಿ ಅಂಗಡಿ ಹಾಕಿದ. ಆಮೇಲೆ ಎದುರು ಸಿಕ್ಕರೂ ಇಬ್ಬರೂ ಮುಖ ಊದಿಸಿಕೊಂಡು ಹೋದರು.

*

"ಚಿಕ್ಕಪ್ಪ, ನೀನು ಕೆಲಸ ಕಲಿಯೋವಾಗ ಮೊದಲು ಹೊಲಿದ ಬೈಬಲ್ ನೆನಪಿದೆಯಾ?"

"ಇಲ್ಲದೆ ಏನು! ಮಡಚಿದ ಹಾಳೆಗಳ ಒಂದು ಮಡಿಕೆಯನ್ನೇ ತಲೆಕೆಳಗಾಗಿ ಹೊಲಿದುಬಿಟ್ಟಿದ್ದೆ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದ ನಿಮ್ಮಪ್ಪ ಮಹಾರಾಯ. ಮಾರನೇ ದಿನವೇ ಬಿಚ್ಚಿ ಹೊಲಿದಿರ್ತಾನೆ. ಸೊಟ್ಟ ಹೊಲಿಗೆ ಕಂಡ್ರೆ ಅವನಿಗಾಗ್ತಿರಲಿಲ್ಲ."

"ಬಂದು ನೋಡು."

ಚಿಕ್ಕಪ್ಪ ಎದ್ದ. ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಮಗಳು ಕೈ ಹಿಡಿದು ಒಳಗೆ ಕರೆತಂದಳು. ಅಣ್ಣನ ಮುಖ ನೋಡಿದ್ದೇ ತಡ, ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿದ. ಅವಳು ನೂಲಿನ ಗುರುತಿದ್ದ ಕಡೆ ಅಪ್ಪನ ಬೈಬಲ್ ತೆರೆದು ಕೊಟ್ಟಳು.

ಅಕ್ಷರಗಳೆಲ್ಲ ತಲೆಕೆಳಗೆ. ಅದೇ ಮಡಿಕೆ, ಅದೇ ಒರಟು ಹೊಲಿಗೆ.

"ಅಯ್ಯೋ... ಬಿಚ್ಚಲೇ ಇಲ್ವಾ ಇದನ್ನ?"

"ನಾನೂ ಕೇಳಿದ್ದೆ. 'ಹೊಲಿದ ಕೈ ತಪ್ಪಿದ್ರೆ ಒಳಗಿನ ಮಾತು ತಪ್ಪುತ್ತಾ? ಒಂಚೂರು ತಿರುಗಿಸಿಕೊಂಡ್ರೆ ಆಯ್ತು' ಅಂದ. ಕಾಯಿಲೆ ಬಿದ್ದ ಮೇಲೆ ದಿನಾ ಇದನ್ನೇ ಓದೋನು. 'ಇಷ್ಟು ಸಲ ಓದಿಯೂ ಹೋಗಿ ಅವನನ್ನ ಕರೀಲಿಲ್ಲ, ನಾನೆಂಥ ದಡ್ಡ' ಅಂತ ಅಳೋನು."

ಆ ಮಡಿಕೆಯಲ್ಲಿದ್ದದ್ದು ಮನೆಬಿಟ್ಟು ಹೋದ ಕಿರಿಮಗ ತಿರುಗಿ ಬಂದ ಕತೆ. ಅವನಿಗಾಗಿ ಒಳಗೆ ಹಬ್ಬದೂಟ, ಅವನ ಅಣ್ಣ ಮುನಿಸಿಕೊಂಡು ಹೊರಗೇ ನಿಂತಿದ್ದಾನೆ. ಮುದಿ ತಂದೆ ತಾನೇ ಅಂಗಳಕ್ಕೆ ಬಂದು, ಒಳಗೆ ಬಾ ಎಂದು ಬೇಡುತ್ತಾನೆ.

ಚಿಕ್ಕಪ್ಪ ಕಣ್ಣೊರೆಸಿಕೊಂಡು ಪುಸ್ತಕವನ್ನು ತಿರುಗಿಸಿ ಹಿಡಿದ. ಗಟ್ಟಿ ದನಿಯಲ್ಲಿ ಓದತೊಡಗಿದ.

"ಪಾಪ, ದುಃಖಕ್ಕೆ ಮೈಮೇಲೆ ಖಬರಿಲ್ಲ," ಎಂದಳು ಪಕ್ಕದ ಮನೆಯ ಅಜ್ಜಿ. "ಲೋ, ತಲೆಕೆಳಗೆ ಹಿಡಿದಿದ್ದೀಯಲ್ಲೋ!"

"ಸರಿಯಾಗೇ ಇದೆ ಅಜ್ಜಿ," ಎಂದ ಚಿಕ್ಕಪ್ಪ. ಅಳುವಿನ ನಡುವೆ ನಗು ಬಂತು ಅವನಿಗೆ.

ರಟ್ಟಿನ ಮೇಲಿನ ಬಂಗಾರದ ಹೆಸರು ನೆರೆದವರ ಕಣ್ಣಿಗೆ ತಲೆಕೆಳಗಾಗಿಯೇ ಕಾಣುತ್ತಿತ್ತು. ಅದರ ಹಿಂದಿನಿಂದ ಚಿಕ್ಕಪ್ಪನ ದನಿ ಎಲ್ಲೂ ತಡವರಿಸದೆ, ಆ ತಂದೆ ಅಂಗಳಕ್ಕೆ ಇಳಿದು ಬರುವ ಸಾಲಿಗೆ ಬಂದಿತ್ತು.